ಅಟ್ಟ ಅಪ್ಪಟ, ಸೊಂಟದ ಪಟ್ಟಿ ಅಲ್ಲ: ಎಲ್ಕ್ ಬೇಟೆಯ ಫ್ರೇಮ್ ಪ್ಯಾಕ್, ನಾಲ್ಕು ಸೀಸನ್ ಆದ ಮೇಲೆ

ಎಲ್ಕ್ ಅಂದರೆ ಭಾರೀ ಗಾತ್ರದ ಜಿಂಕೆ, ಫ್ರೇಮ್ ಪ್ಯಾಕ್ ಅಂದರೆ ಅದರ ಮಾಂಸ ಹೊರಲು ಗಟ್ಟಿ ಚೌಕಟ್ಟಿಗೆ ಕೂಡಿಸಿದ ಬೆನ್ನುಚೀಲ. ಇದು ಎಷ್ಟು ಲೀಟರ್ ಹಿಡಿಯುತ್ತದೆ, ಎಷ್ಟು ಜೇಬುಗಳಿವೆ ಎಂಬುದೆಲ್ಲ ಮಾರುವವರ ಪುಟದಲ್ಲೇ ಇದೆ. ಅಮೆರಿಕದ ಕೊಲೊರಾಡೋ ರಾಜ್ಯದ ಬೆಟ್ಟಗಳಲ್ಲಿ ನಾಲ್ಕು ಸೀಸನ್ ಬಳಸಿದವರು ಹೇಳಬೇಕಾದ್ದು ಬೇರೆ. ಈ ಪ್ಯಾಕ್ ಮಾಂಸ ಹೊರುವುದರಲ್ಲಿ ಗಟ್ಟಿ, ಆದರೆ ಆ ಭಾರ ಕೂರಬೇಕಾದ ಸೊಂಟದಲ್ಲೇ ಕೈಕೊಡುತ್ತದೆ.

ಮೊದಲು ಹೊರೆಯ ಲೆಕ್ಕ. ಮೊದಲ ಸಲ ಎಲ್ಕ್ ಬೇಟೆಗೆ ಹೊರಡುವವರು ರೈಫಲ್, ಸ್ಕೋಪ್, ಬೂಟು ಅಂತ ತಿಂಗಳುಗಟ್ಟಲೆ ಓದುತ್ತಾರೆ, ಈ ಲೆಕ್ಕ ಮಾತ್ರ ಹಾಕುವುದಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತುಹೋಗಿದೆ. ಹಾಗಾಗಿ ಅಮೆರಿಕದಲ್ಲಿ ಲೈಸೆನ್ಸ್ ಪಡೆದು ಶುರುಮಾಡುವ ನಮ್ಮವರಿಗೆ ಮನೆಯಲ್ಲಿ ಕೇಳಿ ಕಲಿಯಲು ಹಿರಿಯರಿರುವುದಿಲ್ಲ. ಬಲಿತ ಗಂಡು ಎಲ್ಕ್ 300 ಕೆಜಿ ದಾಟುತ್ತದೆ. ಮೂಳೆ ಬಿಡಿಸಿದರೂ 80ರಿಂದ 100 ಕೆಜಿ ಮಾಂಸ ಉಳಿಯುತ್ತದೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬರುವುದು ಅಲ್ಲಿ ಅಪರಾಧ. ಒಬ್ಬರೇ ಇದ್ದರೆ ಕನಿಷ್ಠ ನಾಲ್ಕು ಹೊರೆ. ರಸ್ತೆ 3 ಕಿಮೀ ದೂರವಿದ್ದರೆ ನಾಲ್ಕು ಸಲ ಹೊತ್ತು ಬಂದು, ಮಧ್ಯೆ ಮೂರು ಸಲ ಖಾಲಿ ಹತ್ತಿ, ಒಟ್ಟು 21 ಕಿಮೀ ಆಯಿತು. ಅದೂ 9,000ದಿಂದ 11,000 ಅಡಿ ಎತ್ತರದಲ್ಲಿ, ಮೇಲುಸಿರು ಬಿಡುತ್ತಾ. ಪ್ಯಾಕ್ ಆರಿಸುವ ಮೊದಲು ಎಷ್ಟು ದೂರ ಹೋಗಿ ಗುಂಡು ಹಾರಿಸಬೇಕು ಅನ್ನುವುದನ್ನು ಈ ಲೆಕ್ಕದಿಂದಲೇ ತೀರ್ಮಾನಿಸಬೇಕು.

ಇನ್ನು ಇದರ ಅಟ್ಟ. ಲೋಡ್ ಶೆಲ್ಫ್ ಅನ್ನುತ್ತಾರೆ. ಪಕ್ಕದ ಬಕಲ್‌ಗಳನ್ನು ಸಡಿಲಿಸಿದರೆ ಚೀಲ ಫ್ರೇಮಿನಿಂದ ಹಿಂದಕ್ಕೆ ಸರಿಯುತ್ತದೆ, ನಡುವೆ ಒಂದು ಗಟ್ಟಿ ಬಟ್ಟೆಯ ತಳ ತೆರೆದುಕೊಳ್ಳುತ್ತದೆ. ಮಾಂಸ ಕೂರುವುದು ಅಲ್ಲಿ, ಬೆನ್ನಿಗೆ ಒತ್ತಿಕೊಂಡು. ಚೀಲದೊಳಗಿನ ಜಾಕೆಟ್ಟು, ಹೆಡ್‌ಲ್ಯಾಂಪು, ನೀರು ಯಾವುದಕ್ಕೂ ರಕ್ತ ತಾಗುವುದಿಲ್ಲ. ಹಿಂಗಾಲನ್ನು ಗೇಮ್ ಬ್ಯಾಗಿಗೆ, ಅಂದರೆ ಮಾಂಸ ತುಂಬುವ ಬಟ್ಟೆಯ ಚೀಲಕ್ಕೆ ತುಂಬಿ, ದಪ್ಪ ಭಾಗ ಮೇಲೆ ಬರುವಂತೆ ಅಟ್ಟದ ಮೇಲೆ ನಿಲ್ಲಿಸಬೇಕು. ಬ್ಯಾಗಿನ ಗಂಟನ್ನು ಒಂದು ಹಗ್ಗದಿಂದ ಫ್ರೇಮಿನ ಮೇಲಿನ ಅಡ್ಡಪಟ್ಟಿಗೆ ಕಟ್ಟಬೇಕು. ಆಮೇಲೆ ಪಟ್ಟಿಗಳನ್ನು ಕೆಳಗಿನಿಂದ ಮೇಲಕ್ಕೆ ಬಿಗಿಯುತ್ತಾ ಬರಬೇಕು. ಮೇಲಿನದನ್ನು ಮೊದಲು ಎಳೆದರೆ ಮಾಂಸ ತಳಕ್ಕೆ ಜರಿದು ಗುಡ್ಡೆಯಾಗಿ, ಹತ್ತು ಹೆಜ್ಜೆಗೇ ಹಿಂದಕ್ಕೆ ಜಗ್ಗುತ್ತದೆ. ಭಾರ ಎರಡು ಹೆಗಲೆಲುಬುಗಳ ನಡುವೆ ಕೂತರೆ 28 ಕೆಜಿ ಕೂಡ ಹೊರುವಂತಿರುತ್ತದೆ. ಸೆಪ್ಟೆಂಬರಿನ ಬಿಸಿಲಿಗೆ ಹಿಂಗಾಲಿನ ಕೀಲಿನ ಸುತ್ತ ಕಾವು ಉಳಿದು ಮಾಂಸ ಒಳಗಿನಿಂದಲೇ ಹಳಸುತ್ತದೆ. ಅದಕ್ಕೇ ಚರ್ಮ ತಕ್ಷಣ ತೆಗೆದು, ಕಾಲುಗಳನ್ನು ನೆರಳಲ್ಲಿ ಗಾಳಿಗೆ ನೇತುಹಾಕಿ, ಆರಿದ ಮೇಲೆಯೇ ಹೊರಬೇಕು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ. ಗಂಡೋ ಹೆಣ್ಣೋ ಎಂದು ತಿಳಿಸುವ ಅಂಗವನ್ನು ಒಂದು ಕಾಲಿಗೆ ಅಂಟಿದ ಹಾಗೆಯೇ ಬಿಡಬೇಕು, ಕೊಲೊರಾಡೋ ನಿಯಮ ಅದು.

ಹೊತ್ತು ಏಳುವುದಕ್ಕೂ ಒಂದು ಕ್ರಮವಿದೆ. ಇಳಿಜಾರಿನಲ್ಲಿ ಪ್ಯಾಕನ್ನು ಮೇಲ್ಬದಿಗೆ ಒರಗಿಸಿ, ಅದರ ಮುಂದೆ ಕೂತು ಪಟ್ಟಿಗಳಿಗೆ ಕೈ ತೂರಿಸಿ. ಸೊಂಟದ ಬಕಲ್ ಮೊದಲು, ಆಮೇಲೆ ಭುಜದ ಪಟ್ಟಿ, ಆಮೇಲೆ ಲೋಡ್ ಲಿಫ್ಟರ್, ಅಂದರೆ ಭುಜದ ಪಟ್ಟಿಯನ್ನು ಫ್ರೇಮಿನ ಮೇಲ್ತುದಿಗೆ ಎಳೆದು ಹಿಡಿಯುವ ಸಣ್ಣ ಪಟ್ಟಿ. ಪಕ್ಕಕ್ಕೆ ಹೊರಳಿ ಮಂಡಿಯೂರಿ, ಎರಡು ಕೋಲುಗಳ ಆಸರೆಯಲ್ಲಿ ಏಳಿ. ಬೆನ್ನು ಬಗ್ಗಿಸಿ ಒಮ್ಮೆಗೇ ಎತ್ತಲು ಹೋದರೆ ಸೀಸನ್ ಅಲ್ಲಿಗೇ ಮುಗಿಯಿತು.

ಇಷ್ಟೆಲ್ಲ ಚೆನ್ನಾಗಿರುವ ಸಾಮಾನಿಗೆ ಸೊಂಟದ ಪಟ್ಟಿಯನ್ನು ಬರೀ ವೆಲ್ಕ್ರೋದಿಂದ ಅಂಟಿಸಿದ್ದಾರಲ್ಲ, ಕೋಪ ಬರುವುದು ಅಲ್ಲಿ. ಎತ್ತರಕ್ಕೆ ತಕ್ಕಂತೆ ಹೊಂದಿಸಿಕೊಳ್ಳಲಿ ಅಂತ ಹಾಗೆ ಮಾಡಿದ್ದಾರೆ. 15 ಕೆಜಿವರೆಗೆ ಅದು ಅಲುಗುವುದಿಲ್ಲ. 25 ದಾಟಿದ ಮೇಲೆ ತೊಂದರೆ ಶುರು. ಕೊಲೊರಾಡೋದ ಸಾನ್ ಹ್ವಾನ್ ಬೆಟ್ಟಗಳಲ್ಲಿ ತೊಗಟೆ ಕೊರೆಯುವ ಹುಳ ಬಿದ್ದು ಸತ್ತ ಸ್ಪ್ರೂಸ್ ಮರಗಳು ದಾರಿಗಡ್ಡ ಉರುಳಿರುತ್ತವೆ. ಪ್ರತಿ ಮರ ದಾಟುವಾಗ ತೊಡೆ ಮೇಲೆದ್ದು ಪಟ್ಟಿಯನ್ನು ನೂಕುತ್ತದೆ, ಆಚೆ ಕಾಲಿಟ್ಟಾಗ ಇಡೀ ಭಾರ ಧಡಕ್ಕೆಂದು ಕೆಳಗೆ ಎಳೆಯುತ್ತದೆ. ಪ್ರತಿ ಸಲವೂ ವೆಲ್ಕ್ರೋ ಒಂದೆರಡು ಎಳೆ ಬಿಡುತ್ತದೆ. ಅದರ ಕೊಕ್ಕೆಗಳಲ್ಲಿ ಸ್ಪ್ರೂಸಿನ ಸೂಜಿ ಎಲೆ, ಎಲ್ಕ್ ಕೂದಲು, ಧೂಳು ತುಂಬಿಕೊಂಡರಂತೂ ಹಿಡಿತವೇ ಇಲ್ಲ. ಒಂದು ಇಂಚು ಜಾರಿದರೆ ಸಾಕು, ಸೊಂಟದೆಲುಬಿನ ಮೇಲಂಚು ಹೊರಬೇಕಾದ ಭಾರ ಭುಜಕ್ಕೆ ಬೀಳುತ್ತದೆ. ಪರೀಕ್ಷಿಸಲು ಭುಜದ ಪಟ್ಟಿಯ ಕೆಳಗೆ ಹೆಬ್ಬೆರಳು ತೂರಿಸಿ ನೋಡಿ. ಹೋಗದಿದ್ದರೆ ಪಟ್ಟಿ ಇಳಿದಿದೆ ಅಂತಲೇ. ಅರ್ಧ ಗಂಟೆಯಲ್ಲಿ ಬೆರಳು ಜುಮ್ಮೆನ್ನುತ್ತವೆ.

ಇದಕ್ಕೆ ಮದ್ದು ಇದೆ, ಬೇಟೆಗೆ ಮುಂಚೆಯೇ ಮಾಡಿದರೆ. ಅಂಗಡಿಯಲ್ಲಿ ಖಾಲಿ ಪ್ಯಾಕ್ ಹಾಕಿ ಅಳತೆ ನೋಡಬೇಡಿ. ಇಂಡಿಯನ್ ಸ್ಟೋರಿನ 20 ಪೌಂಡಿನ ಸೋನಾ ಮಸೂರಿ ಚೀಲ ಎರಡು ಇಟ್ಟರೆ 18 ಕೆಜಿ ಆಗುತ್ತದೆ. ಕಬ್ಬಿಣದ ಡಂಬೆಲ್‌ಗಿಂತ ಅಕ್ಕಿಯೇ ಒಳ್ಳೆಯದು. ಮಾಂಸದ ಹಾಗೇ ಅದೂ ತಳಕ್ಕೆ ಜರಿಯುವುದರಿಂದ ಕಟ್ಟು ಸರಿಯಾಗಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ. ಆ ಭಾರದಲ್ಲಿ ಅಳತೆ ಹೊಂದಿಸಿ, ಫ್ರೇಮಿನ ತುದಿ ಭುಜಕ್ಕಿಂತ ಮೂರು ನಾಲ್ಕು ಇಂಚು ಮೇಲೆ ಬಂದಿದೆಯೇ ನೋಡಿ. ಇಲ್ಲದಿದ್ದರೆ ಲೋಡ್ ಲಿಫ್ಟರ್ ಎಳೆದೂ ಪ್ರಯೋಜನವಿಲ್ಲ. ಅಳತೆ ಖಚಿತವಾದ ಮೇಲೆ ಚಪ್ಪಲಿ ಹೊಲಿಯುವ ದಪ್ಪ ನೈಲಾನ್ ದಾರದಿಂದ ಪಟ್ಟಿಯನ್ನು ನಾಲ್ಕು ಕಡೆ ಹೊಲಿದುಬಿಡಿ. ಆಮೇಲೆ ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯಿರಿ. 9 ಕೆಜಿಯಿಂದ ಶುರುಮಾಡಿ, ಮೂರು ತಿಂಗಳಲ್ಲಿ 25ಕ್ಕೆ ಮುಟ್ಟಿದರೆ ಸಾಕು. ಹೊಲಿಗೆ ಹಾಕಿದ ಮೇಲೆ ಎರಡು ಸೀಸನ್ ಪಟ್ಟಿ ಕದಲಿಲ್ಲ ಎನ್ನುವುದನ್ನೂ ಹೇಳಲೇಬೇಕು.

ಬಣ್ಣದ ಬಗ್ಗೆ ಒಂದು ಮಾತು. ಬೇರೆ ಬೇಟೆಗಾರರ ಕಣ್ಣಿಗೆ ಬೀಳಲೆಂದು ರೈಫಲ್ ಸೀಸನ್ನಿನಲ್ಲಿ ಸೊಂಟದ ಮೇಲೆ 500 ಚದರ ಇಂಚು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಡ್ಡಾಯ, ತಲೆಗೂ ಬೇಕು. ಈ ಕಂದು ಪ್ಯಾಕ್ ಹಾಕಿದರೆ ಬೆನ್ನ ಮೇಲಿನ ಕಿತ್ತಳೆ ಪೂರ್ತಿ ಮುಚ್ಚಿಹೋಗುತ್ತದೆ. ಜೊತೆಗೊಂದು ಕಿತ್ತಳೆ ಹೊದಿಕೆ ಕೊಡಬಹುದಿತ್ತು. ಕೊಂಬು ಹೊರುವಾಗಲಂತೂ ಅದಕ್ಕೆ ಕಿತ್ತಳೆ ಬಟ್ಟೆ ಸುತ್ತದೆ ಹೆಜ್ಜೆ ಇಡಬೇಡಿ.

ಕೊಟ್ಟದ್ದು ಸುಮಾರು 600 ಡಾಲರ್. ಹೊರರಾಜ್ಯದವರಿಗೆ ಗಂಡು ಎಲ್ಕ್ ಲೈಸೆನ್ಸೇ 800 ದಾಟುವಾಗ ಇದು ಸಣ್ಣ ಮೊತ್ತವಲ್ಲ. ಮೊದಲ ವರ್ಷವೇ ಕೊಳ್ಳುವ ಅಗತ್ಯವಿಲ್ಲ, ಬಾಡಿಗೆಗೋ ಗೆಳೆಯರಿಂದಲೋ ಸಿಕ್ಕರೆ ಅದೇ ಸಾಕು. ಪ್ರತಿ ವರ್ಷ ಹೋಗುವವರು ದುಡ್ಡು ಉಳಿಸಬೇಕಿದ್ದರೆ ರೈಫಲ್ ಸ್ಕೋಪಿನಲ್ಲಿ ಉಳಿಸಿ ಇದಕ್ಕೆ ಹಾಕಿ. ಬೇಟೆಯಿಂದ ಬಂದ ದಿನವೇ ಫ್ರೇಮಿನಿಂದ ಬಟ್ಟೆ ಬಿಡಿಸಿ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ರಕ್ತದ ಕಲೆ ಕೂತುಬಿಡುತ್ತದೆ. ವೆಲ್ಕ್ರೋದೊಳಗಿನ ಕೂದಲು, ಸೂಜಿ ಎಲೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ನೆರಳಲ್ಲಿ ಒಣಗಿಸಿ. ತೊಳೆಯುವವರೆಗೆ ಮಾತ್ರ ಅದನ್ನು ಟೆಂಟಿನೊಳಗೆ ಇಡಬೇಡಿ, ಅದು ಕರಡಿಗಳಿರುವ ಕಾಡು.