ಬಚಾಟಾಕ್ಕೆ ಬೆನ್ನು ಬಳುಕಬೇಕು: ಕನ್ನಡಿ, ಯೋಗದ ಚಾಪೆ, ಬೆಂಗಳೂರಿನ ತರಗತಿ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸೆನ್ಷುವಲ್ ಬಚಾಟಾ ಎಂಬ ಜೋಡಿ ನೃತ್ಯ ಕಲಿಯುವ ತುಮಕೂರಿನವರಿಗೆ ಮೈ ಬಳುಕಿಸಿಕೊಳ್ಳಲು ಮುಖ್ಯವಾಗಿ ಮೂರು ದಾರಿಗಳಿವೆ. ಮೂರನ್ನೂ ನಡೆದು ನೋಡಿದ್ದೇನೆ. ನನಗೆ ಹೆಚ್ಚು ಫಲ ಕೊಟ್ಟದ್ದು ಬಚಾಟಾ ಎಂಬ ಹೆಸರನ್ನೇ ಕೇಳಿರದ ಒಂದು ಯೋಗ ತರಗತಿ. ಬೆಂಗಳೂರಿನ ವಾರಾಂತ್ಯದ ತರಗತಿಗೆ ಎರಡನೆಯ ಸ್ಥಾನ. ದುಬಾರಿ, ಆದರೆ ಬಿಡುವಂತಿಲ್ಲ. ಮೊಬೈಲ್ ವಿಡಿಯೊ ಹಾಕಿಕೊಂಡು ಕನ್ನಡಿಯ ಮುಂದೆ ನಿಲ್ಲುವುದು ಕೊನೆಯದು, ಎಲ್ಲರೂ ಶುರು ಮಾಡುವುದು ಅಲ್ಲಿಂದಲೇ ಆದರೂ.

ಈ ನೃತ್ಯದ ಕಷ್ಟ ಎಲ್ಲಿದೆ ಎಂಬುದು ತಿಳಿಯದೆ ಹೋಲಿಕೆಗೆ ಅರ್ಥವಿಲ್ಲ. ಬಚಾಟಾ ಹುಟ್ಟಿದ್ದು ಡೊಮಿನಿಕನ್ ಗಣರಾಜ್ಯದಲ್ಲಿ. ಅದರ ಮೊದಲ ಧ್ವನಿಮುದ್ರಣಗಳು 1960ರ ದಶಕದ ಆರಂಭದವು. 2019ರಲ್ಲಿ ಯುನೆಸ್ಕೊ ಆ ದೇಶದ ಬಚಾಟಾ ಸಂಗೀತ ಮತ್ತು ನೃತ್ಯವನ್ನು ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನವರ ಕುಣಿತದಲ್ಲಿ ಪಾದಕ್ಕೇ ಹೆಚ್ಚು ಕೆಲಸ. ಎದೆಯ ಅಲೆ, ಸೊಂಟದ ಸುತ್ತು, ತಲೆಯ ಹೊರಳು ಇವೆಲ್ಲ ಮುಂದೆ ಬಂದದ್ದು ಸೆನ್ಷುವಲ್ ಶೈಲಿಯಲ್ಲಿ. ಸ್ಪೇನಿನ ಕಾದಿಸ್‌ನ ಕೋರ್ಕೆ ಎಸ್ಕಲೋನಾ ಮತ್ತು ಜುಡಿತ್ ಕೋರ್ಡೆರೊ ಅದನ್ನು ರೂಪಿಸಿದರು. ಬ್ರೆಜಿಲ್‌ನ ಝೂಕ್ ನೃತ್ಯದ ನೆರಳೂ ಅದರ ಮೇಲಿದೆ. ಹೆಜ್ಜೆ ಮಾತ್ರ ಸುಲಭ: ಮೂರು ಹೆಜ್ಜೆ ಇಡುವುದು, ನಾಲ್ಕನೆಯ ಎಣಿಕೆಗೆ ತಟ್ಟುವುದು. ಮಿಕ್ಕ ಪರೀಕ್ಷೆಯೆಲ್ಲ ಬೆನ್ನಿಗೆ.

ವಿಡಿಯೊಗಳು ಆ ಬೆನ್ನನ್ನು ತುಂಡುತುಂಡಾಗಿ ಕಲಿಸುತ್ತವೆ. ಐಸೊಲೇಶನ್ ಎಂದು ಎಲ್ಲರೂ ಕರೆಯುವ ಅಭ್ಯಾಸ ಅದು: ಸೊಂಟ ಕದಲದಂತೆ ಎದೆಯನ್ನು ಬಲಕ್ಕೆ, ಮುಂದಕ್ಕೆ, ಎಡಕ್ಕೆ, ಹಿಂದಕ್ಕೆ ಒಯ್ಯಬೇಕು, ಆಮೇಲೆ ಎದೆ ಕದಲದಂತೆ ಸೊಂಟ. ನಮ್ಮವರಿಗೆ ಇದು ಹೊಸದೇನಲ್ಲ. ಭುಜ ಅಲುಗಿಸದೆ ಕತ್ತನ್ನು ಅಡ್ಡಕ್ಕೆ ಸರಿಸುವ ಸುಂದರೀ ಗ್ರೀವಾ ಭರತನಾಟ್ಯ ಕಲಿತ ಮಕ್ಕಳಿಗೆಲ್ಲ ಗೊತ್ತು. ನಾಟ್ಯಶಾಸ್ತ್ರ ಎದೆಗೆ 5, ಕಟಿಗೆ 5 ಬಗೆಯ ಚಲನೆಗಳನ್ನು ಎಣಿಸುತ್ತದೆ. ಆದರೆ ಚಿಕ್ಕಂದಿನಲ್ಲಿ ನಾನು ಕಲಿತದ್ದು ಮೊಣಕಾಲು ಅರ್ಧ ಮಡಿಸಿ ನಿಲ್ಲುವ ಅರೆಮಂಡಿಯಲ್ಲಿ ಮುಂಡವನ್ನು ನೆಟ್ಟಗೆ ಹಿಡಿಯುವುದನ್ನು. ಮೊಣಕಾಲು ಗಟ್ಟಿಯಾಯಿತು, ಬೆನ್ನೂ ಗಟ್ಟಿಯಾಯಿತು.

ಕನ್ನಡಿಯ ಮುಂದೆ ಐಸೊಲೇಶನ್ ಬೇಗನೆ ಅಚ್ಚುಕಟ್ಟಾಗುತ್ತದೆ. ಹರಿವು ಬರುವುದಿಲ್ಲ. ಕಾರಣ ಕನ್ನಡಿಯಲ್ಲೇ ಇದೆ. ಬಾಡಿ ವೇವ್, ಅಂದರೆ ಮೈಯುದ್ದಕ್ಕೂ ಹರಿಯುವ ಅಲೆ, ಸರಿಯಾಗಿ ಕಾಣುವುದು ಪಕ್ಕದಿಂದ. ಪಕ್ಕಕ್ಕೆ ನಿಂತು ಕನ್ನಡಿ ನೋಡಲು ಕತ್ತು ತಿರುಗಿಸಿದ ಕ್ಷಣವೇ ಅಲೆ ಹೆಗಲಿನಲ್ಲಿ ಮುರಿಯುತ್ತದೆ. ಮೊಬೈಲನ್ನು ಕಿಟಕಿಯ ಮೇಲಿಟ್ಟು ಪಕ್ಕದಿಂದ ಚಿತ್ರೀಕರಿಸಿಕೊಂಡು ಆಮೇಲೆ ನೋಡುವುದು ಎಷ್ಟೋ ವಾಸಿ. ಇನ್ನೊಂದು ತೊಂದರೆ ಕಾಲದ್ದು. ನಿಮಿಷಕ್ಕೆ 120 ತಾಳದ ಹಾಡಿನಲ್ಲಿ ಒಂದು ಎಣಿಕೆಗೆ ಅರ್ಧ ಸೆಕೆಂಡು, ನಾಲ್ಕು ಎಣಿಕೆಗೆ 2 ಸೆಕೆಂಡು. ಅಲೆ ಆ ಎರಡು ಸೆಕೆಂಡನ್ನೂ ತುಂಬಬೇಕು. ಹಾಡಿಲ್ಲದೆ ಪಳಗಿಸಿದ ಅಲೆ ಮೂರನೆಯ ಎಣಿಕೆಗೇ ಮುಗಿದು, ನಾಲ್ಕನೆಯದಕ್ಕೆ ಮೈ ಸುಮ್ಮನೆ ನಿಂತಿರುತ್ತದೆ. ನೋಡುವವರಿಗೆ ಒರಟಾಗಿ ಕಾಣುವುದು ಆ ನಿಲುಗಡೆ.

ಯೋಗಕ್ಕೆ ಸೇರಿದ್ದು ನೃತ್ಯಕ್ಕಾಗಿ ಅಲ್ಲ, ಕಚೇರಿಯ ಕುರ್ಚಿ ಕೊಟ್ಟ ಸೊಂಟನೋವಿಗೆ. ಎಸ್.ಎಸ್. ಪುರಂ ಕಡೆಯ ಒಂದು ಮಹಡಿಯ ಮೇಲಿನ ತರಗತಿ. ಬೆಳಗಿನ ಹೊತ್ತು, ನಿವೃತ್ತ ಮೇಷ್ಟ್ರುಗಳು, ಸಕ್ಕರೆ ಕಾಯಿಲೆಯ ಗೃಹಿಣಿಯರು, ನಡುವೆ ನಾನು. ಅಲ್ಲಿ ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನದಿಂದ ಕೆಳಗಿಳಿಯುವಾಗ ನನ್ನ ಬೆನ್ನಿನ ಸ್ಥಿತಿ ಗೊತ್ತಾಯಿತು. ಮೇಲ್ಬೆನ್ನಿನಿಂದ ಶುರುಮಾಡಿ ಒಂದೊಂದೇ ಮೂಳೆಯನ್ನು ಚಾಪೆಗೆ ತಾಗಿಸುತ್ತ ಇಳಿಯಬೇಕು. ಹೆಗಲಮೂಳೆಗಳ ನಡುವಿನಿಂದ ಪಕ್ಕೆಲುಬಿನ ತುದಿಯವರೆಗಿನ ಭಾಗ ಬಿಡಿಯಾಗಿ ಇಳಿಯಲೇ ಇಲ್ಲ, ಒಟ್ಟಿಗೆ ದೊಪ್ಪೆಂದು ಬಿತ್ತು. ಎದೆಭಾಗದ 12 ಕಶೇರುಕಗಳಿಗೂ ಪಕ್ಕೆಲುಬುಗಳು ಅಂಟಿಕೊಂಡಿವೆ. ಅಲ್ಲಿ ಚಲನೆ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಗುರುಗಳು ಪಕ್ಕದಲ್ಲಿ ಕುಳಿತು, “ಉಸಿರು ಬಿಡು ತಾಯಿ. ಬೆನ್ನನ್ನು ನೀನು ಇಳಿಸಬೇಡ, ಅದೇ ಇಳಿಯಲಿ” ಎಂದರು.

ಅದೇ ಕೀಲಿ. ನಿಧಾನವಾಗಿ ಉಸಿರು ಬಿಡುತ್ತ ಹೋದರೆ ಪಕ್ಕೆಲುಬುಗಳು ಸಡಿಲುತ್ತವೆ, ಬೆನ್ನು ಕೊಂಡಿ ಕೊಂಡಿಯಾಗಿ ಇಳಿಯುತ್ತದೆ. ಆ ನಿಶ್ವಾಸವನ್ನೇ ಎಣಿಕೆಗೆ ಕಟ್ಟಿದೆ: ಮೊದಲು ಎಂಟಕ್ಕೆ, ಮೈಗೆ ಹಿಡಿಸಿದ ಮೇಲೆ ನಾಲ್ಕಕ್ಕೆ. ಉಸಿರು ತೀರುವ ತನಕ ಅಲೆಯೂ ತೀರಬಾರದು, ಅಷ್ಟೇ ನಿಯಮ. ಬೆಕ್ಕಿನಂತೆ ಕೈ, ಮಂಡಿ ಊರಿ ನಿಲ್ಲುವ ಮಾರ್ಜಾಲಾಸನದಲ್ಲಿ ಬಾಲದ ಮೂಳೆಯಿಂದ ಚಲನೆ ಶುರುಮಾಡಿ ತಲೆಯನ್ನು ಕೊನೆಗೆ ಎತ್ತುವುದೂ ಅದೇ ಪಾಠದ ಇನ್ನೊಂದು ರೂಪ. ಕಾಲು ಚಾಚಿ ಕುಳಿತು ಮುಂಡವನ್ನು ಸುತ್ತಿಸುವ ಚಕ್ಕಿ ಚಲನಾಸನವಂತೂ ರಾಗಿ ಬೀಸಿದ ಹಾಗೆಯೇ. ಕೈ ದೊಡ್ಡ ವೃತ್ತ ಎಳೆಯುತ್ತದೆ, ಸೊಂಟ ಅದರ ಹಿಂದೆ ತಡವಾಗಿ ಬರುತ್ತದೆ. ಜೋಡಿ ನೃತ್ಯದಲ್ಲಿ ಮುಂಡದ ಸುತ್ತಿಗೆ ಬೇಕಾದದ್ದು ಸರಿಯಾಗಿ ಆ ತಡವೇ.

ಹಾಗೆಂದು ಯೋಗ ನೃತ್ಯವಾಗುವುದಿಲ್ಲ. ಚಾಪೆಯ ಮೇಲೆ ಪಾದಕ್ಕೆ ಭಾರವಿಲ್ಲ, ಕಿವಿಗೆ ತಾಳವಿಲ್ಲ, ಎದುರಿಗೆ ಮನುಷ್ಯರಿಲ್ಲ.

ಆ ಮೂರೂ ಸಿಗುವುದು ಬೆಂಗಳೂರಿನಲ್ಲಿ. ದೂರ 70 ಕಿಲೋಮೀಟರ್. ಬಸ್ಸಾದರೆ ನೆಲಮಂಗಲದ ದಟ್ಟಣೆ, ರೈಲಾದರೆ ನಿಂತುಕೊಂಡು ಹೋಗುವ ಯೋಗ. ಸಂಜೆ ತರಗತಿ ಮುಗಿದು ಸೋಶಿಯಲ್, ಅಂದರೆ ಎಲ್ಲರೂ ಸೇರಿ ಕುಣಿಯುವ ಕೂಟ, ರಂಗೇರುವ ಹೊತ್ತಿಗೆ ನಮ್ಮೂರಿನವರು ಗಡಿಯಾರ ನೋಡತೊಡಗುತ್ತಾರೆ. ಮನೆಯಲ್ಲಿ “ಅಪರಿಚಿತರ ಜೊತೆ ಅಷ್ಟು ಹತ್ತಿರ ನಿಂತು ಕುಣಿಯುವುದು ಯಾಕೆ?” ಎಂಬ ಪ್ರಶ್ನೆಯೂ ಇರುತ್ತದೆ. ಅದಕ್ಕೆ ಉತ್ತರ ಅವರವರದು. ಇಷ್ಟವಾಗದ ಹಿಡಿತಕ್ಕೆ ಬೇಡ ಎನ್ನಲು ಬಿಡದ ತರಗತಿಯಲ್ಲಿ ಮಾತ್ರ ನಿಲ್ಲಬೇಡಿ.

ಅಷ್ಟೆಲ್ಲ ಪಟ್ಟು ಹೋಗಿದ್ದಕ್ಕೆ ಸಿಕ್ಕಿದ್ದೇನು? ಮುಖ್ಯವಾಗಿ ಪಾದ. ನನ್ನ ಅಲೆ ಎದೆಯಲ್ಲಿ ಹುಟ್ಟಿ ಎದೆಯಲ್ಲೇ ಸಾಯುತ್ತಿದೆ ಎಂದು ಅಲ್ಲಿನ ಶಿಕ್ಷಕಿ ಒಂದೇ ನೋಟಕ್ಕೆ ಹೇಳಿದರು. ನೆಲವನ್ನು ಪಾದದಿಂದ ಒತ್ತಿ, ಮೊಣಕಾಲು ಮಡಿಸಿ ಬಿಡಿಸಿದರೆ ಸೊಂಟ ತಾನಾಗಿ ಏಳುತ್ತದೆ, ಇಳಿಯುತ್ತದೆ. ಸೊಂಟವನ್ನು ಬೇರೆಯಾಗಿ ಆಡಿಸುವ ಕೆಲಸವೇ ಉಳಿಯುವುದಿಲ್ಲ. ಇನ್ನೊಂದು, ತಲೆ. ಸುಮಾರು 5 ಕಿಲೋ ತೂಗುವ ತಲೆಯನ್ನು 7 ಸಣ್ಣ ಮೂಳೆಗಳ ಮೇಲೆ ಬೀಸಿ ಎಸೆಯುವುದು ಅಪಾಯ. ಜೋಡಿಯಲ್ಲಿ ನಡೆಸುವವರು ಬೆನ್ನಿನ ಮೇಲ್ಭಾಗಕ್ಕೆ ಸೂಚನೆ ಕೊಡಬೇಕು, ತಲೆ ಅದನ್ನು ಹಿಂಬಾಲಿಸಬೇಕು. ಹೆಗಲಮೂಳೆಯ ಮೇಲಿನ ಅಂಗೈ ಯಾವಾಗ ಕೇಳುತ್ತಿದೆ, ಯಾವಾಗ ತಳ್ಳುತ್ತಿದೆ ಎಂಬುದನ್ನು ಯಾವ ವಿಡಿಯೊವೂ ಕಲಿಸಲಾರದು.

ದೂರುವುದೂ ಇದೆ. ನಾನು ಹೋದ ಒಂದು ಕಡೆ ಅರ್ಧ ಸಮಯ ಕೊನೆಯಲ್ಲಿ ಚಿತ್ರೀಕರಿಸುವ ರೀಲ್‌ಗಾಗಿ ಭಂಗಿ ಜೋಡಿಸುವುದರಲ್ಲೇ ಕಳೆಯುತ್ತಿತ್ತು. ಬೆನ್ನು ಬಾಗದವರೂ ಆ ಭಂಗಿಗಳನ್ನು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಅಂಥ ಜಾಗಕ್ಕೆ ರೈಲು ಹತ್ತುವ ಬದಲು ಆ ಹಣ ಕೂಡಿಟ್ಟು ಅಪರೂಪಕ್ಕೆ ಒಂದು ಖಾಸಗಿ ಪಾಠ ತೆಗೆದುಕೊಳ್ಳುವುದು ಲೇಸು.

ಹೊಸಬರು ಕೇಳಿದರೆ ಹೀಗೆ ಹೇಳುತ್ತೇನೆ: ಮೊದಲ ಕೆಲವು ತಿಂಗಳು ಊರಿನಲ್ಲೇ ಯೋಗ, ಆಮೇಲೆ ತಿಂಗಳಿಗೊಮ್ಮೆ ಬೆಂಗಳೂರು. ಈಗಾಗಲೇ ಮೈ ಸಡಿಲವಿದ್ದರೆ ನೇರವಾಗಿ ಬೆಂಗಳೂರಿಗೇ ಹೋಗಿ. ಸೊಂಟನೋವು, ಕತ್ತುನೋವು ಇದ್ದರೆ ವೈದ್ಯರನ್ನು ಕೇಳಿಯೇ ಶುರುಮಾಡಿ.

ಮೊಬೈಲನ್ನು ಕಲಿಯುವುದಕ್ಕಿಂತ ಕೇಳುವುದಕ್ಕೆ ಬಳಸಿ. ರೈಲಿನಲ್ಲಿ ಹೋಗಿಬರುವಾಗ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಕೊಂಡು ಒಮ್ಮೆ ಕೈಯಿಂದ ಬಾರಿಸುವ ಬೊಂಗೊ, ಒಮ್ಮೆ ಲೋಹವನ್ನು ಗೀರುವ ಗ್ವಿರಾ, ಒಮ್ಮೆ ಮುಖ್ಯ ಗಿಟಾರ್ ಹೀಗೆ ಬೇರೆ ಬೇರೆಯಾಗಿ ಹಿಂಬಾಲಿಸುತ್ತೇನೆ. ಗಾಯಕ ದನಿ ಎಳೆದಲ್ಲಿ ಅಲೆಗೆ ಜಾಗವಿದೆ. ಗಿಟಾರ್ ಚುರುಕಾಗುವ ಮಾಂಬೊ ಭಾಗ ಬಂದರೆ ಅಲೆಯನ್ನು ಬಿಟ್ಟು ಪಾದಕ್ಕೆ ಕೆಲಸ ಕೊಡುವುದೇ ಸರಿ.