ಬೈನರಿ ಲ್ಯಾಂಡ್, ಕ್ಲೂ ಕ್ಲೂ ಲ್ಯಾಂಡ್, ನಟ್ಸ್ ಅಂಡ್ ಮಿಲ್ಕ್: ಯಾವುದು ಎಷ್ಟು ದಿನ ಬಾಳುತ್ತದೆ?

ಟಿವಿಗೆ ಜೋಡಿಸುವ ವಿಡಿಯೊ ಗೇಮ್ ಪೆಟ್ಟಿಗೆಗೆ ಹಳದಿ ಕ್ಯಾಸೆಟ್ ಹಾಕಿದರೆ ಬರುವ ಆಟಗಳ ಪಟ್ಟಿಯಲ್ಲಿ ಎಲ್ಲರ ಕೈಯೂ ಮಾರಿಯೊ, ಟ್ಯಾಂಕ್, ರೋಡ್ ಫೈಟರ್ ಮೇಲೆಯೇ ಹೋಗಿ ನಿಲ್ಲುತ್ತಿತ್ತು. ಪುಟ ತಿರುವಿದರೆ ಇನ್ನೂ ಹತ್ತಾರು ಆಟ. ಒಮ್ಮೆ ಒತ್ತಿ ನೋಡಿ, ತಲೆಬುಡ ತಿಳಿಯದೆ ರೀಸೆಟ್ ಹೊಡೆಯುತ್ತಿದ್ದಂಥವು. ಅವುಗಳಲ್ಲಿ ಮೂರನ್ನು ಈ ಬೇಸಿಗೆಯಲ್ಲಿ ರಾಯಚೂರಿನ ಮನೆಯಲ್ಲಿ, ಅಕ್ಕನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಟ ಹಿಡಿದು ಆಡಿದೆ. ಮೇ ತಿಂಗಳಲ್ಲಿ ನಮ್ಮೂರಿನ ಮಧ್ಯಾಹ್ನ ಹೊರಗೆ ಕಾಲಿಡುವ ಮಾತೇ ಇಲ್ಲ. ಕಿಟಕಿ ಮುಚ್ಚಿ ಕೂಲರ್ ಹಚ್ಚಿ ಕೂತವರಿಗೆ ಹೊತ್ತಿಗೇನು ಬರ.

ಮೂರನ್ನೂ ಒಂದೇ ತಕ್ಕಡಿಯಲ್ಲಿಡಲು ಕಾರಣವಿದೆ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರ ಜಪಾನಿನಲ್ಲಿ 1983ರ ಜುಲೈನಲ್ಲಿ ಬಂತು. ಈ ಮೂರೂ 1984-85ರಲ್ಲಿ ಅದಕ್ಕೆ ಬಂದವು. ಮೂರರಲ್ಲೂ ಇಡೀ ಹಂತ ಒಂದೇ ಪರದೆಯೊಳಗೆ ಮುಗಿಯುತ್ತದೆ. ಆ ಕಾಲದ ಇಂಥ ಆಟಗಳು 24 ಕಿಲೋಬೈಟ್‌ನಷ್ಟು ಜಾಗದಲ್ಲಿ ಹಿಡಿಯುತ್ತಿದ್ದವು, ಮಾರಿಯೊಗೇ 40 ಬೇಕಿತ್ತು. ನಕಲಿ ಕ್ಯಾಸೆಟ್ ಮಾಡುವವರಿಗೆ ಪಟ್ಟಿ ಉದ್ದ ಮಾಡಲು ಇದಕ್ಕಿಂತ ಅಗ್ಗದ ಸರಕು ಸಿಗುತ್ತಿರಲಿಲ್ಲ. ನಾವು ಈ ಆಟಗಳನ್ನು ಆರಿಸಿದ್ದಲ್ಲ, ಅವೇ ನಮ್ಮ ಮನೆಗೆ ನುಗ್ಗಿದ್ದು.

ಇನ್ನೊಂದು ಸಂಗತಿ ಮೊದಲೇ ಹೇಳಬೇಕು. ನಮ್ಮಲ್ಲಿ ಬಳಕೆಯಲ್ಲಿದ್ದ, ಫ್ಯಾಮಿಕಾಮ್‌ನ ನಕಲಿ ಪೆಟ್ಟಿಗೆಗಳು ಇಲ್ಲಿನ ಟಿವಿಗೆ ತಕ್ಕಂತೆ ಸೆಕೆಂಡಿಗೆ 50 ಚಿತ್ರ ತೋರಿಸುತ್ತವೆ. ಆಟ ಬರೆದದ್ದು 60ಕ್ಕೆ. ಅಂದರೆ ನಾವು ಸಣ್ಣವರಿದ್ದಾಗ ಆಡಿದ್ದೆಲ್ಲ ಆರರಲ್ಲಿ ಒಂದು ಪಾಲು ನಿಧಾನ, ಸಂಗೀತವೂ ಸೇರಿ. ಅದಕ್ಕೇ ಹಳೆ ಪೆಟ್ಟಿಗೆಯಲ್ಲೂ ಆಡಿದೆ, ಲ್ಯಾಪ್‌ಟಾಪ್‌ನಲ್ಲಿ ಹಳೆ ಯಂತ್ರದ ಹಾಗೆ ಆಟ ನಡೆಸುವ ಎಮ್ಯುಲೇಟರ್ ಎಂಬ ತಂತ್ರಾಂಶದಲ್ಲಿ ಅಸಲಿ ವೇಗದಲ್ಲೂ ಆಡಿದೆ. ಎರಡರಲ್ಲೂ ತೀರ್ಪು ಒಂದೇ ಬರುತ್ತದೆ ಅಂದುಕೊಂಡರೆ ಅದು ಸುಳ್ಳು.

ಬೈನರಿ ಲ್ಯಾಂಡ್ ಹಡ್ಸನ್ ಸಾಫ್ಟ್ ಕಂಪನಿಯದು, 1985. ಗುರಿನ್, ಮಾಲೋನ್ ಎಂಬ ಎರಡು ಪೆಂಗ್ವಿನ್, ನಡುವೆ ಗೋಡೆ, ಮೇಲೆ ಮಧ್ಯದಲ್ಲೊಂದು ಪಂಜರ, ಅದರೊಳಗೆ ಹೃದಯ. ಎರಡೂ ಏಕಕಾಲಕ್ಕೆ ಎಡಬಲದಿಂದ ಅದನ್ನು ಮುಟ್ಟಬೇಕು. ಒಂದೇ ರಿಮೋಟ್ ಎರಡನ್ನೂ ನಡೆಸುತ್ತದೆ. ಮೇಲೆ ಒತ್ತಿದರೆ ಎರಡೂ ಮೇಲೆ ಹೋಗುತ್ತವೆ. ಬಲಕ್ಕೆ ಒತ್ತಿದರೆ ಒಂದು ಬಲಕ್ಕೆ, ಇನ್ನೊಂದು ಕನ್ನಡಿಯೊಳಗಿನ ಬಿಂಬದ ಹಾಗೆ ಎಡಕ್ಕೆ. ಎರಡು ಬದಿಯ ಹಾದಿಗಳು ಮಾತ್ರ ಒಂದೇ ಥರ ಇರುವುದಿಲ್ಲ. ಹಾಗಾಗಿ ಒಂದು ಗೋಡೆಗೆ ಹಾಯ್ದು ನಿಂತಾಗ ಇನ್ನೊಂದು ಮುಂದಕ್ಕೆ ಸರಿಯುತ್ತದೆ. ಗೋಡೆಯನ್ನೇ ಬ್ರೇಕಿನಂತೆ ಬಳಸಿ ಎರಡನ್ನೂ ಸಮಕ್ಕೆ ತರುವುದರಲ್ಲೇ ಆಟದ ಸತ್ವವೆಲ್ಲ ಇದೆ. ಒಂದು ಜೇಡರ ಬಲೆಯಲ್ಲಿ ಸಿಕ್ಕಿಕೊಂಡರೆ ಇನ್ನೊಂದು ಹೋಗಿ ಸ್ಪ್ರೇ ಹೊಡೆದು ಬಿಡಿಸಬೇಕು. ಹಕ್ಕಿ ಬಂದು ತಾಗಿತೋ, ಎರಡರ ಜಾಗ ಅದಲುಬದಲು. ಮೇಲಿಂದ ಸಮಯದ ಮಿತಿ ಬೇರೆ.

ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಜಾಣ ಕಲ್ಪನೆ! ಮೊದಲ ಸಂಜೆ ಹುಡುಗನ ಕಣ್ಣು ಪರದೆ ಬಿಟ್ಟು ಅಲುಗಲಿಲ್ಲ. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಪೆಂಗ್ವಿನ್ ಹಂಚಿಕೊಟ್ಟವನ ಹಾಗೆ ನೋಡುತ್ತಿದ್ದ. ಆದರೆ ಒಮ್ಮೆ ಗೋಡೆಯ ಗುಟ್ಟು ಸಿಕ್ಕಿತೆಂದರೆ ಪ್ರತಿ ಹಂತವೂ ಅದೇ ಗುಟ್ಟಿನ ಮರುಪಾಠ. ಸ್ವಲ್ಪ ಹೊತ್ತಿಗೆ ಹಳೆ ಹಾದಿಗಳೇ ಮತ್ತೆ ಎದುರಾಗುತ್ತವೆ. "ಮುಂದ ಏನದ ಮಾಮಾ?" ಅಂದ. ಮುಂದೆ ಏನೂ ಇಲ್ಲ, ಇದೇ. ಹಳೆ ಪೆಟ್ಟಿಗೆಯ ನಿಧಾನದಲ್ಲಂತೂ ಬೇಗ ಸಪ್ಪೆಯಾಗುತ್ತದೆ; 60ರ ವೇಗದಲ್ಲಿ ಜೇಡಗಳು ಸ್ವಲ್ಪ ಬೆವರಿಳಿಸುತ್ತವೆ. ಇದನ್ನು ಕೆಟ್ಟ ಆಟ ಅನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ. ದಿನಾ ಆಡುತ್ತೇನೆ ಅನ್ನುವವರನ್ನು ಮಾತ್ರ ನಂಬುವುದಿಲ್ಲ.

ಕ್ಲೂ ಕ್ಲೂ ಲ್ಯಾಂಡ್ ಇದರ ಪೂರ್ತಿ ಉಲ್ಟಾ. ನಿಂಟೆಂಡೊದ್ದೇ ಆಟ, 1984. ಮರುವರ್ಷ ಅಮೆರಿಕದಲ್ಲಿ ಯಂತ್ರ ಬಿಡುಗಡೆಯಾದಾಗ ಜೊತೆಗೆ ಬಂದ ಆಟಗಳಲ್ಲಿ ಇದೂ ಒಂದು. ಉಳಿದೆರಡು ಅಲ್ಲಿಗೆ ಹೋಗಲೇ ಇಲ್ಲ. ಇಲ್ಲಿ ನೀವು ನಡೆಸುವ ಮೀನಿಗೆ ನಿಲ್ಲುವುದೇ ಗೊತ್ತಿಲ್ಲ, ಸದಾ ನೇರ ಓಟ. ತಿರುಗಬೇಕಾದರೆ ಕೈ ಚಾಚಿ ಗೂಟ ಹಿಡಿದು ಗಿರಗಿರ ಸುತ್ತಿ, ಸರಿಯಾದ ಕ್ಷಣಕ್ಕೆ ಬಿಡಬೇಕು. ಗೂಟಗಳ ನಡುವೆ ಹಾದಂತೆ ಅಡಗಿದ್ದ ಚಿನ್ನದ ಗಟ್ಟಿ ಒಂದೊಂದಾಗಿ ಕಾಣಿಸಿಕೊಂಡು ಕೊನೆಗೆ ಒಂದು ಚಿತ್ರ ಮೂಡುತ್ತದೆ. ಮುಂದಿನ ಹಂತಗಳಲ್ಲಿ ಅದೇ ದಾರಿಯಲ್ಲಿ ಎರಡನೇ ಸಲ ಹಾದರೆ ಗಟ್ಟಿ ಮತ್ತೆ ಮಗುಚಿಕೊಳ್ಳುತ್ತದೆ, ಮಾಡಿದ್ದೆಲ್ಲ ನೀರಿನಲ್ಲಿ ಹೋಮ.

"ಇದು ನಿಲ್ಲಂಗಿಲ್ಲೇನು?" ಅಂತ ಹುಡುಗ ರಿಮೋಟ್ ನನ್ನ ಕಡೆ ಎಸೆದ. ನನಗೂ ಮೊದಮೊದಲು ಕೈ ಹಿಡಿತಕ್ಕೆ ಬರಲಿಲ್ಲ. ಇಬ್ಬರೂ ಒಟ್ಟಿಗೆ ಆಡುವ ಆಯ್ಕೆಯಲ್ಲಿ ಕೂತಾಗ ಮಾತ್ರ ಮನೆಯೇ ಎದ್ದು ನಿಂತಿತು. ಅವನು ಬಿಡಿಸಿದ ಚಿನ್ನದ ಮೇಲೆ ನಾನು ಹಾಯುವುದು, ನಾನು ಹಿಡಿದ ಗೂಟಕ್ಕೆ ಅವನು ಬಂದು ಗುದ್ದುವುದು. ಅಕ್ಕ ಅಡುಗೆಮನೆಯಿಂದಲೇ "ಕೂಸಿನ್ ಸಂಗಾಟ ನೀನೂ ಕೂಸಾಗ್ಬ್ಯಾಡ" ಅಂತ ಗದರಿದಳು. ಒಬ್ಬರೇ ಆಡಲು ಇದು ಶಿಕ್ಷೆ. ಜೊತೆಗಾರರಿದ್ದರೆ ಬೈನರಿ ಲ್ಯಾಂಡ್‌ಗಿಂತ ಎಷ್ಟೋ ಪಾಲು ಹೆಚ್ಚು ದಿನ ಬಾಳುತ್ತದೆ. ಅದೂ ನಮ್ಮ ನಿಧಾನದ ಪೆಟ್ಟಿಗೆಯಲ್ಲೇ ಆಡಲು ಹಿತ. ಅಸಲಿ ವೇಗದಲ್ಲಿ ಗೂಟ ಬಿಡುವ ಕ್ಷಣ ಕೈತಪ್ಪಿಯೇ ಹೋಗುತ್ತದೆ.

ಮೂರನೆಯದು ನಟ್ಸ್ ಅಂಡ್ ಮಿಲ್ಕ್. ಇದೂ ಹಡ್ಸನ್ ಸಾಫ್ಟ್‌ನದೇ. 1984ರ ಜುಲೈ. ನಿಂಟೆಂಡೊ ಬಿಟ್ಟು ಬೇರೆ ಕಂಪನಿಯೊಂದು ಫ್ಯಾಮಿಕಾಮ್‌ಗೆ ತಂದ ಮೊದಲ ಆಟ ಅನ್ನುವ ಹೆಗ್ಗಳಿಕೆ ಇದಕ್ಕಿದೆ. ಅದೇ ತಿಂಗಳು ಬಂದ ಲೋಡ್ ರನ್ನರ್ ಹೆಸರು ಬಾಚಿಕೊಂಡಿತು, ಇದು ನೆರಳಿಗೆ ಬಿತ್ತು. ಮಿಲ್ಕ್ ಎಂಬ ಗುಂಡಗಿನ ಪ್ರಾಣಿ ಹಣ್ಣೆಲ್ಲ ಹೆಕ್ಕಿದ ಮೇಲೆ ಪ್ರಿಯತಮೆ ಯೋಗರ್ಟ್‌ಳ ಮನೆ ಬಾಗಿಲು ತೆರೆಯುತ್ತದೆ. ನಟ್ಸ್ ಬೆನ್ನಟ್ಟಿ ಬರುತ್ತಾನೆ. ಎತ್ತರದಿಂದ ಬಿದ್ದರೆ ಮಿಲ್ಕ್ ಕೆಲಹೊತ್ತು ತಲೆ ತಿರುಗಿ ಕೂರುತ್ತಾನೆ. ಕಲ್ಪನೆಯಲ್ಲಿ ಬೈನರಿ ಲ್ಯಾಂಡ್‌ನ ಕಾಲಧೂಳಿಗೂ ಸಮವಲ್ಲ. ಜಿಗಿತ ಬಿಗಿ, ಹಂತಗಳು ಒಂದರ ಮುಖ ಇನ್ನೊಂದು ನೋಡಿಕೊಂಡಂತೆ.

ಆದರೆ ಮೊದಲ ಪರದೆಯಲ್ಲೇ 'ಎಡಿಟ್' ಅಂತ ಒಂದು ಆಯ್ಕೆ ಇದೆ. ನಮ್ಮ ಕಾಲದಲ್ಲಿ ಅದನ್ನು ಒತ್ತಿದರೆ ಖಾಲಿ ಪರದೆ ಬಂತೆಂದು ಕ್ಯಾಸೆಟ್ ಕೆಟ್ಟಿದೆ ಅಂತ ಊದಿ ಊದಿ ಹಾಕುತ್ತಿದ್ದೆವು. ಹುಡುಗ ತಾನಾಗಿಯೇ ಕಂಡುಹಿಡಿದ: ಇಟ್ಟಿಗೆ, ಹಣ್ಣು, ಮನೆ, ನಟ್ಸ್, ಎಲ್ಲವನ್ನೂ ನಮಗೆ ಬೇಕಾದಲ್ಲಿ ಇಡಬಹುದು. ಅಲ್ಲಿಂದಾಚೆಗೆ ಉಳಿದೆರಡು ಆಟದ ಹೆಸರೇ ಅವನು ಎತ್ತಲಿಲ್ಲ. ನಾನು ಹತ್ತಲಾರದ ಕಡೆಗೆಲ್ಲ ಹಣ್ಣು ನೇತುಹಾಕಿ "ಆಡು ಮಾಮಾ" ಅನ್ನುತ್ತಿದ್ದ. ಕೊನೆಗೆ ಮನೆಯಲ್ಲೊಂದು ಕಾನೂನು ಬಂತು: ಬರೆದವನೇ ಮೊದಲು ಗೆದ್ದು ತೋರಿಸಬೇಕು. ಆಗ ಅವನ ಹಂತಗಳಿಗೆ ನಿಜವಾದ ಹದ ಬಂತು. ನಟ್ಸ್‌ನನ್ನು ಎಲ್ಲಿ ನಿಲ್ಲಿಸಿದರೆ ಎತ್ತ ಓಡುತ್ತಾನೆ ಅನ್ನುವ ಲೆಕ್ಕ ನನಗಿಂತ ಅವನಿಗೆ ಚೆನ್ನಾಗಿ ಗೊತ್ತು.

ಹಳೆ ಪೆಟ್ಟಿಗೆಯಲ್ಲಿ ಇದರ ದೊಡ್ಡ ತೊಂದರೆ, ಕರೆಂಟ್ ಹೋದರೆ ಬರೆದದ್ದೆಲ್ಲ ಹೋಯಿತು. ಹುಡುಗ ಟಿವಿ ಪರದೆಯ ಫೋಟೊ ಮೊಬೈಲ್‌ನಲ್ಲಿ ಹಿಡಿದಿಟ್ಟು, ಕರೆಂಟ್ ಬಂದ ಮೇಲೆ ನೋಡಿಕೊಂಡು ಮತ್ತೆ ಜೋಡಿಸುತ್ತಾನೆ. ಎಮ್ಯುಲೇಟರ್‌ನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಆಟ ಇದ್ದ ಸ್ಥಿತಿಯಲ್ಲೇ ಉಳಿಯುತ್ತದೆ. ಇದಕ್ಕೆ ಮಾತ್ರ ನಾನು ಎಮ್ಯುಲೇಟರ್ ಕಡೆ.

ಒಂದೇ ಸಂಜೆ ಕೈಯಲ್ಲಿದ್ದರೆ ಬೈನರಿ ಲ್ಯಾಂಡ್ ಹಾಕಿ, ಅದಕ್ಕಿಂತ ಚೆಂದದ ಅರ್ಧ ಗಂಟೆ ಈ ಪಟ್ಟಿಯಲ್ಲಿಲ್ಲ. ಅಣ್ಣತಮ್ಮ, ಅಕ್ಕತಂಗಿ ಸೇರಿದ ಮನೆಗೆ ಕ್ಲೂ ಕ್ಲೂ ಲ್ಯಾಂಡ್. ರಜೆಯೆಲ್ಲ ಕಳೆಯಬೇಕಿದ್ದರೆ ನಟ್ಸ್ ಅಂಡ್ ಮಿಲ್ಕ್, ಅದೂ ಎಡಿಟ್‌ನಿಂದಲೇ ಶುರು ಮಾಡಿ. ಕಂಪನಿಯವರು ಬರೆದ ಹಂತಗಳನ್ನು ಆಮೇಲೆ ನೋಡಿದರೂ ನಡೆಯುತ್ತದೆ, ನೋಡದಿದ್ದರೂ ನಡೆಯುತ್ತದೆ.