ಸೀವ್-ಡಂಪ್: ನಾಲ್ಕು ವರ್ಷ ಬಳಸಿದ ಮೇಲೆ

ಚಿಕ್ಕಮಗಳೂರಿನ ಒಂದು ಕಾಫಿ ವ್ಯಾಪಾರದ ಆಫೀಸಿಗೆ ಮೇಲ್ ಸರ್ವರ್ ನೋಡಿಕೊಳ್ಳುತ್ತೇನೆ. ಮೇಲ್ ಸರ್ವರ್ ತಂತ್ರಾಂಶ ಡವ್‌ಕಾಟ್ ಜೊತೆ, ಬಂದ ಮೇಲನ್ನು ಸೀವ್ ಭಾಷೆಯ ಸ್ಕ್ರಿಪ್ಟಿನಂತೆ ಫೋಲ್ಡರುಗಳಿಗೆ ವಿಂಗಡಿಸುವ ಪಿಜನ್‌ಹೋಲ್ ಹಾಕಿದಾಗಲೇ ಸೀವ್-ಡಂಪ್ ಬಂದಿತ್ತು, ಬಿಟ್ಟಿಯಾಗಿ. ಕಂಪೈಲ್ ಆಗಿ ಯಂತ್ರ ಓದುವ ಬೈನರಿಯಾದ ಸ್ಕ್ರಿಪ್ಟನ್ನು ನಾವು ಓದುವ ಹಾಗೆ ಬಿಚ್ಚಿ ತೋರಿಸುವ ಟೂಲ್ ಅದು. ಮೊದಲು ಮುಟ್ಟಿಯೂ ನೋಡಿರಲಿಲ್ಲ. ಸ್ಕ್ರಿಪ್ಟ್ ಓದಲು ಬರುತ್ತಲ್ಲ, ಕಂಪೈಲ್ ಆದದ್ದನ್ನು ಯಾಕೆ ಕೆದಕಬೇಕು ಅಂತ.

ಆಮೇಲೊಂದು ಡಿಸೆಂಬರ್. ಅರೇಬಿಕಾ ಕುಯ್ಲು ಜೋರಾಗಿತ್ತು. ದಿನಾ ಬೆಳಿಗ್ಗೆ 50 ಕೆಜಿ ಚೀಲದ ರೇಟು ಮೇಲ್‌ನಲ್ಲಿ ಬರಬೇಕು. "ರೇಟಿನ ಮೇಲ್ ಎಲ್ಲಿ ಹೋಯ್ತಪ್ಪಾ?" ಅಂತ ಸಾಹುಕಾರರ ಫೋನು. ಹುಡುಕಿದರೆ ಎಲ್ಲ "ಹಳೇದು" ಅನ್ನೋ ಫೋಲ್ಡರಿನಲ್ಲಿ ಕೂತಿವೆ. ಸ್ಕ್ರಿಪ್ಟ್ ತೆಗೆದು ಮೂರು ಸಲ ಓದಿದೆ. ಆ ಫೋಲ್ಡರಿನ ಹೆಸರೇ ಅದರಲ್ಲಿಲ್ಲ!

ಕೊನೆಗೆ ಆ ಸ್ಕ್ರಿಪ್ಟಿನ ಬೈನರಿಯಾದ ಡಾಟ್ ಎಸ್‌ವಿಬಿನ್ ಫೈಲಿನ ಮೇಲೆ ಸೀವ್-ಡಂಪ್ ಓಡಿಸಿದೆ. ಮೊದಲು ಬೇಕಾದ ಎಕ್ಸ್‌ಟೆನ್ಶನ್‌ಗಳ (ಸೀವ್‌ನ ಹೆಚ್ಚುವರಿ ಸೌಲಭ್ಯಗಳ) ಪಟ್ಟಿ, ಕೆಳಗೆ ಒಂದೊಂದೇ ಹೆಜ್ಜೆ. ಸಬ್ಜೆಕ್ಟ್ ನೋಡು, "ರೇಟ್" ಇಲ್ಲದಿದ್ದರೆ ಕೋಡಿನ ಈ ಜಾಗಕ್ಕೆ ಹಾರು, ಇದ್ದರೆ "ಹಳೇದು"ಗೆ ಹಾಕು. ಹಿಂದಿನ ವಾರ ಸುಮ್ನೆ ಪರೀಕ್ಷೆಗೆ ಅಂತ ನಾನೇ ಬರೆದಿದ್ದ ಸಾಲು! ಆಮೇಲೆ ಬ್ಯಾಕಪ್‌ನಿಂದ ಮೊದಲಿನ ಸ್ಕ್ರಿಪ್ಟ್ ತಂದು ಹಾಕಿದ್ದೆ, ಅದರ ಹಳೇ ತಾರೀಖಿನ ಸಮೇತ. ಬೈನರಿ ಅದಕ್ಕಿಂತ ಹೊಸದು. ಹಾಗಾಗಿ ಪಿಜನ್‌ಹೋಲ್ ಮತ್ತೆ ಕಂಪೈಲ್ ಮಾಡುವ ಗೋಜಿಗೇ ಹೋಗಿರಲಿಲ್ಲ. ಕೈಯಾರೆ ಕಂಪೈಲ್ ಮಾಡುವ ಸೀವ್‌ಸಿ ಓಡಿಸಿದೆ, ಸರಿಹೋಯಿತು. ಸಾಹುಕಾರರಿಗೆ ಮಾತ್ರ "ಸರ್ವರ್ ಸ್ವಲ್ಪ ಹಠ ಮಾಡ್ತಿತ್ತು ಅಣ್ಣಾ" ಅಂದೆ.

ನನಗೆ ಜಾಸ್ತಿ ಇಷ್ಟವಾದದ್ದು ಸಾಲಿನ ಸಂಖ್ಯೆ. ಪ್ರತಿ ಹೆಜ್ಜೆ ಸ್ಕ್ರಿಪ್ಟಿನ ಎಷ್ಟನೇ ಸಾಲಿನದ್ದು ಅಂತ ಪಕ್ಕದಲ್ಲೇ ಇರುತ್ತೆ. ಹೋಲಿಕೆ ಪೂರ್ತಿ ಸಬ್ಜೆಕ್ಟಿಗೋ, ಒಳಗೆಲ್ಲಾದರೂ ಇದ್ದರೆ ಸಾಕೋ ಅನ್ನೋದೂ ಕಾಣುತ್ತೆ. ಸೀವ್‌ನಲ್ಲಿ ಏನೂ ಹೇಳದಿದ್ದರೆ ಪೂರ್ತಿ ಹೊಂದಬೇಕು ಅಂತಲೇ ಅರ್ಥ. ಎಷ್ಟು ಸಲ ಎಡವಿದ್ದೀನೋ ಇದರಲ್ಲಿ.

ಬೇಜಾರುಗಳೂ ಇವೆ. ಸಹಾಯ ಸಿಗುತ್ತೆ ಅಂತ ಮೈನಸ್ ಎಚ್ ಹಾಕಿದರೆ ಹೆಕ್ಸ್ ಡಂಪ್, ಅಂದರೆ ಬೈನರಿಯ ಬರೀ ಅಂಕಿ-ಅಕ್ಷರಗಳ ರಾಶಿ, ಸುರಿಯುತ್ತೆ, ತಲೆ ಕೆಡುತ್ತೆ. ಸ್ಕ್ರಿಪ್ಟಿನಲ್ಲಿ ಬರೆದ ಕಾಮೆಂಟು ಒಂದೂ ಉಳಿದಿರಲ್ಲ. ಮೂಲ ಕಳೆದುಕೊಂಡು ಇದರಿಂದ ವಾಪಸ್ ಪಡೆಯೋಣ ಅಂದರೆ ಕೈಯಲ್ಲೇ ಕೂತು ಬರೆಯಬೇಕು. ಇಂಥ ಮೇಲ್ ಬಂದರೆ ಎಲ್ಲಿಗೆ ಹೋಗುತ್ತೆ ಅನ್ನೋದನ್ನು ಇದು ಹೇಳಲ್ಲ, ಅದಕ್ಕೆ ಸೀವ್-ಟೆಸ್ಟ್ ಬೇರೆ ಇದೆ.

ಈಗ ಬ್ಯಾಕಪ್‌ನಿಂದ ಏನೇ ತಂದರೂ ಮೊದಲು ಸೀವ್‌ಸಿ, ಆಮೇಲೆ ಒಂದು ಡಂಪ್. ನೋಡಿಯೇ ಟೀಗೆ ಏಳೋದು.